ಪರ್ಫಾರ್ಮೆನ್ಸ್ ಕಾರು: ಮ್ಯಾನ್ಯುಯಲ್ ತಗೊಳ್ಳಲಾ, ಆಟೊಮ್ಯಾಟಿಕ್ ತಗೊಳ್ಳಲಾ?

ಹೊಸಚಕ್ರ

ಎಲ್ಲರಿಗೂ ನಮಸ್ಕಾರ. ಬಿಎಂಡಬ್ಲ್ಯು ಎಂ2 ತೆಗೆದುಕೊಳ್ಳುವುದು ಅಂತ ನಿರ್ಧಾರವಾಗಿದೆ. 2023ರಲ್ಲಿ ಬಂದ ಜಿ87 ಮಾದರಿ, 2024ರಲ್ಲಿ ಪವರ್ ಏರಿಸಿದ ಮೇಲಿನದು. ಮೂರು ಲೀಟರಿನ ಆರು ಸಿಲಿಂಡರ್ ಟರ್ಬೊ ಎಂಜಿನ್, 480 ಕುದುರೆ ಶಕ್ತಿ, ಪವರ್ ಎಲ್ಲ ಹಿಂದಿನ ಚಕ್ರಕ್ಕೆ. ಇಷ್ಟರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ತಲೆ ಕೆಡಿಸಿರುವುದು ಗೇರ್‌ಬಾಕ್ಸ್.

ಇದೇ ಕಾರು 6 ಗೇರಿನ ಮ್ಯಾನ್ಯುಯಲ್‌ನಲ್ಲೂ ಇದೆ, 8 ಗೇರಿನ ಆಟೊಮ್ಯಾಟಿಕ್‌ನಲ್ಲೂ ಇದೆ. ಪವರ್ ಎರಡಕ್ಕೂ ಒಂದೇ. ಟಾರ್ಕ್ (ತಿರುಗಿಸುವ ಬಲ) ಆಟೊಮ್ಯಾಟಿಕ್‌ಗೆ 600 ನ್ಯೂಟನ್ ಮೀಟರ್, ಮ್ಯಾನ್ಯುಯಲ್‌ಗೆ 550. ಕಂಪನಿ ಲೆಕ್ಕದಲ್ಲಿ ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ ಆಟೊಮ್ಯಾಟಿಕ್ 4.0 ಸೆಕೆಂಡ್, ಮ್ಯಾನ್ಯುಯಲ್ 4.2 ಸೆಕೆಂಡ್.

ನನ್ನ ಬಳಕೆ ಹೀಗಿದೆ. ವಾರದಲ್ಲಿ ಕೆಲವು ದಿನ ಆಫೀಸಿಗೆ, ಟ್ರಾಫಿಕ್ ಇದ್ದೇ ಇರುತ್ತದೆ. ರಜೆ ದಿನ ಬೆಳಗಿನ ಜಾವ ಬೆಟ್ಟದ ರಸ್ತೆ. ಆಗೊಮ್ಮೆ ಈಗೊಮ್ಮೆ ಟ್ರ್ಯಾಕ್. ಮ್ಯಾನ್ಯುಯಲ್ ಓಡಿಸಿ ಅಭ್ಯಾಸ ಚೆನ್ನಾಗಿದೆ, ಆದರೆ ಇಷ್ಟು ಪವರ್ ಇರುವ ಕಾರು ಇದೇ ಮೊದಲು. ಎರಡನ್ನೂ ಓಡಿಸಿ ನೋಡಲು ಶೋರೂಮಿನವರು ಒಪ್ಪಿದ್ದಾರೆ. ಅದಕ್ಕೆ ಮೊದಲು ನಿಮ್ಮ ಅನುಭವ ಕೇಳಿಕೊಂಡು ಹೋಗೋಣ ಅಂತ.

ಮೂರುಪೆಡಲ್

ಮ್ಯಾನ್ಯುಯಲ್ ತಗೊಳ್ಳಿ ಗುರು. ಆ 0.2 ಸೆಕೆಂಡ್ ರಸ್ತೆಯಲ್ಲಿ ನಿಮ್ಮ ಕೈಗೆ ಸಿಗುವುದೇ ಇಲ್ಲ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಚಿಮ್ಮಿಸುವ ವ್ಯವಸ್ಥೆ) ಹಾಕಿಕೊಂಡು ಹೋಗುವವರು ಯಾರೂ ಇಲ್ಲ ಅಲ್ವಾ?

ಪೋರ್ಷೆ ಕಂಪನಿಗೇ ಇದು ಅರ್ಥವಾಗಲು ಕೆಲವು ವರ್ಷ ಬೇಕಾಯಿತು. 2013ರಲ್ಲಿ 911 ಜಿಟಿ3 ಬಂದಾಗ ಅದರಲ್ಲಿ ಮ್ಯಾನ್ಯುಯಲ್ ಇರಲೇ ಇಲ್ಲ, ಪಿಡಿಕೆ (ಅವರ ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್) ಮಾತ್ರ. ಟ್ರ್ಯಾಕ್‌ನಲ್ಲಿ ಅದೇ ಹೆಚ್ಚು ವೇಗ, ಇನ್ನು ಮ್ಯಾನ್ಯುಯಲ್ ಯಾಕೆ ಅನ್ನುವ ಲೆಕ್ಕ. ಓಡಿಸುವವರು ಸುಮ್ಮನಿರಲಿಲ್ಲ. 2016ರಲ್ಲಿ 911 ಆರ್ ಅಂತ 991 ಕಾರು ಮಾಡಿದರು, ಎಲ್ಲಕ್ಕೂ ಮ್ಯಾನ್ಯುಯಲ್ ಮಾತ್ರ. ಜನ ಮುಗಿಬಿದ್ದರು. 2017ರ ಜಿಟಿ3ಯಲ್ಲಿ 6 ಗೇರಿನ ಮ್ಯಾನ್ಯುಯಲ್ ಮತ್ತೆ ಬಂತು. 2023ರಲ್ಲಿ 911 ಎಸ್/ಟಿ ಬಂದಾಗ 1,963 ಕಾರಿನಲ್ಲಿ ಒಂದಕ್ಕೂ ಪಿಡಿಕೆ ಹಾಕಲಿಲ್ಲ. ಟೊಯೊಟಾ ಕೂಡ ಅಷ್ಟೇ. 2019ರಲ್ಲಿ ಜಿಆರ್ ಸುಪ್ರಾವನ್ನು ಆಟೊಮ್ಯಾಟಿಕ್ ಮಾತ್ರ ಅಂತ ತಂದರು, 2022ರಲ್ಲಿ ಮ್ಯಾನ್ಯುಯಲ್ ಸೇರಿಸಿದರು.

ವೇಗಕ್ಕೆ ಮ್ಯಾನ್ಯುಯಲ್ ಬೇಕು ಅಂತ ಯಾರೂ ಕೇಳಲಿಲ್ಲ. ತಿರುವು ಹತ್ತಿರ ಬರುವಾಗ ಬ್ರೇಕ್ ಒತ್ತುತ್ತಲೇ ಅದೇ ಬಲಗಾಲಿನ ಅಂಚಿನಿಂದ ಆಕ್ಸಿಲರೇಟರ್ ತಟ್ಟಿ, ಎಂಜಿನ್ ವೇಗ ಏರಿಸಿ, ಎಡಗಾಲಿನಿಂದ ಕ್ಲಚ್ ಬಿಟ್ಟು, ಮೂರನೇ ಗೇರಿಗೆ ಒಂದು ಚೂರೂ ಜರ್ಕ್ ಇಲ್ಲದೆ ಇಳಿಸಿದಾಗ ಬರುವ ಖುಷಿ ಇದೆಯಲ್ಲ, ಅದು ಬೇಕಿತ್ತು. ಆಟೊಮ್ಯಾಟಿಕ್‌ನಲ್ಲಿ ಸ್ಟೀರಿಂಗ್ ಹಿಂದಿನ ಪ್ಯಾಡಲ್ ಎಳೆದರೆ ಈ ಕೆಲಸವನ್ನು ಕಾರು ಮಾಡುತ್ತದೆ, ನಮಗಿಂತ ಚೆನ್ನಾಗಿಯೇ ಮಾಡುತ್ತದೆ. ಆದರೆ ನಾನು ಕಾರು ಕೊಂಡಿರುವುದೇ ಆ ಕೆಲಸ ಮಾಡುವುದಕ್ಕೆ.

ಲ್ಯಾಪ್‌ಟೈಮ್

ಮೂರುಪೆಡಲ್ ಅವರು ಪೋರ್ಷೆ ಕಥೆ ಹೇಳಿದರು, ಅದರ ಅಂಕಿಗಳನ್ನೂ ಹೇಳಬೇಕು. 2021ರ ಜಿಟಿ3 (992) ಪಿಡಿಕೆಯಲ್ಲಿ 100ಕ್ಕೆ 3.4 ಸೆಕೆಂಡ್, ಮ್ಯಾನ್ಯುಯಲ್‌ನಲ್ಲಿ 3.9. ಮ್ಯಾನ್ಯುಯಲ್ ಕಾರು 17 ಕೆಜಿ ಹಗುರ, 1,435 ಎದುರಿಗೆ 1,418 ಕೆಜಿ. ಹಗುರ ಇದ್ದೂ ಅರ್ಧ ಸೆಕೆಂಡ್ ಹಿಂದೆ. ಅದೇ ಕಾರಿನ ಆರ್‌ಎಸ್ ಮಾದರಿ ಪೂರ್ತಿ ಟ್ರ್ಯಾಕ್‌ಗಾಗಿ ಮಾಡಿದ್ದು, ಅದಕ್ಕೆ ಮ್ಯಾನ್ಯುಯಲ್ ಕೊಡುವ ಮಾತೇ ಎತ್ತಲಿಲ್ಲ.

ಟ್ರ್ಯಾಕ್‌ನಲ್ಲಿ ವ್ಯತ್ಯಾಸ ಬರುವುದು ಗೇರ್ ಬದಲಿಸುವ ಸಮಯದಿಂದ ಮಾತ್ರ ಅಲ್ಲ. ಎರಡೂ ಕೈ ಸ್ಟೀರಿಂಗ್ ಮೇಲೇ ಇರುತ್ತದೆ. ಉದ್ದದ ತಿರುವಿನ ಮಧ್ಯದಲ್ಲಿ ರೆಡ್‌ಲೈನ್ (ಎಂಜಿನ್ ತಿರುಗುವ ವೇಗದ ಮಿತಿ) ಬಂದರೂ ಗೇರ್ ಏರಿಸಬಹುದು, ಕಾರಿನ ಸಮತೋಲ ಕೆಡುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಅಲ್ಲಿ ಕ್ಲಚ್ ಒತ್ತಿದರೆ ಹಿಂದಿನ ಚಕ್ರಕ್ಕೆ ಹೋಗುವ ಪವರ್ ಒಮ್ಮೆಲೇ ನಿಲ್ಲುತ್ತದೆ, ಬಿಟ್ಟಾಗ ಒಮ್ಮೆಲೇ ಬರುತ್ತದೆ. ಟೈರ್ ಹಿಡಿತದ ಅಂಚಿನಲ್ಲಿದ್ದಾಗ ಅಷ್ಟು ಸಾಕು, ಹಿಂಬದಿ ಜಾರಲು.

ಇನ್ನು ಎಂ2 ಟರ್ಬೊ ಕಾರು. ಗೇರ್ ಬದಲಿಸಲು ಕಾಲು ಎತ್ತಿದ ಕೂಡಲೇ ಥ್ರಾಟಲ್ ಮುಚ್ಚುತ್ತದೆ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇಳಿಯುತ್ತದೆ, ಮತ್ತೆ ತುಂಬಿಕೊಳ್ಳಬೇಕು. ಆಟೊಮ್ಯಾಟಿಕ್‌ನಲ್ಲಿ ನಿಮ್ಮ ಕಾಲು ಪೂರ್ತಿ ಒತ್ತಿಕೊಂಡೇ ಇರುತ್ತದೆ. ಕಂಪ್ಯೂಟರ್ ಒಂದು ಕ್ಷಣ ಟಾರ್ಕ್ ತಗ್ಗಿಸಿ ಗೇರ್ ಬದಲಿಸುತ್ತದೆ, ಬೂಸ್ಟ್ ಹಾಗೇ ನಿಂತಿರುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಮ್ಯಾನ್ಯುಯಲ್‌ನಲ್ಲಿ ಮೂರನೇ ಗೇರಿನ ರೆಡ್‌ಲೈನ್‌ನಿಂದ ನಾಲ್ಕಕ್ಕೆ ಹಾಕುವ ಗಡಿಬಿಡಿಯಲ್ಲಿ ಲಿವರ್ ಎರಡಕ್ಕೆ ಹೋದರೆ ಎಂಜಿನ್ ಕಥೆ ಮುಗಿಯಿತು. ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು ಅಷ್ಟೇ. ಚಕ್ರಗಳೇ ಎಂಜಿನ್ನನ್ನು ತಿರುಗಿಸುವಾಗ ಅದು ಏನೂ ಮಾಡಲಾರದು. ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಆಟೊಮ್ಯಾಟಿಕ್ ಆ ಗೇರ್ ಕೊಡುವುದೇ ಇಲ್ಲ.

ಗೇರ್‌ಮೇಸ್ತ್ರಿ

ನಾನು ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವ ಕೆಲಸದವನು. ನೀವಿಬ್ಬರೂ ಆಟೊಮ್ಯಾಟಿಕ್ ಅಂತ ಒಂದೇ ಹೆಸರಿನಲ್ಲಿ ಬೇರೆ ಬೇರೆ ಯಂತ್ರಗಳ ಬಗ್ಗೆ ಮಾತಾಡುತ್ತಿದ್ದೀರಿ. ಪಿಡಿಕೆಗೆ ಹೇಳಿದ ಮಾತು ಎಂ2ಗೆ ಪೂರ್ತಿ ಹೊಂದುವುದಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಆದರೂ ಓದಿ. ಇದು ಗೊತ್ತಿಲ್ಲದೆ ಟೆಸ್ಟ್ ಡ್ರೈವ್‌ಗೆ ಹೋದರೆ ಏನನ್ನು ನೋಡಬೇಕು ಅಂತಲೇ ತಿಳಿಯುವುದಿಲ್ಲ.

ಬಿಎಂಡಬ್ಲ್ಯು ಎಂ ಕಾರುಗಳನ್ನೇ ನೋಡಿ, ಅವರು ಮೂರೂ ಬಗೆಯನ್ನು ದಾಟಿ ಬಂದಿದ್ದಾರೆ. ಹಳೆಯ ಇ46 ಮಾದರಿಯ ಎಂ3ಯಲ್ಲಿ ಎಸ್‌ಎಂಜಿ ಇತ್ತು. ಅದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಒಂದೇ ಕ್ಲಚ್. ಕ್ಲಚ್ ಒತ್ತುವುದು, ಗೇರ್ ಹಾಕುವುದು ಹೈಡ್ರಾಲಿಕ್ ಪಂಪಿನ ಕೆಲಸ. ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸಿದರೆ ಚೆನ್ನಾಗಿರುತ್ತಿತ್ತು. ನಿಧಾನವಾಗಿ ಹೋಗುವಾಗ ಪ್ರತಿ ಗೇರಿಗೂ ತಲೆ ಮುಂದಕ್ಕೆ ತೂಗುತ್ತಿತ್ತು. ವಿ10 ಎಂಜಿನ್ನಿನ ಇ60 ಎಂ5ನಲ್ಲೂ ಇದೇ ಬಗೆ, 7 ಗೇರು. ಫೆರಾರಿ 1997ರಲ್ಲಿ 355 ಎಫ್1ಗೆ ಹಾಕಿದ್ದೂ ಇದನ್ನೇ, ಲ್ಯಾಂಬೊರ್ಗಿನಿ ಅವೆಂಟಡೋರ್‌ನಲ್ಲಿ ಇದ್ದದ್ದೂ ಒಂದೇ ಕ್ಲಚ್. ಹಳೆಯ ಕಾರು ಕೊಳ್ಳುವವರು ಇದನ್ನು ಡ್ಯುಯಲ್ ಕ್ಲಚ್ ಅಂದುಕೊಳ್ಳಬೇಡಿ.

2008ರಲ್ಲಿ ಎಂ3ಗೆ ಡ್ಯುಯಲ್ ಕ್ಲಚ್ ಬಂತು. ಇದರಲ್ಲಿ ಎರಡು ಕ್ಲಚ್, ಎರಡು ಇನ್‌ಪುಟ್ ಶಾಫ್ಟ್. ಒಂದರ ಮೇಲೆ 1, 3, 5, 7. ಇನ್ನೊಂದರ ಮೇಲೆ 2, 4, 6. ನೀವು ಮೂರರಲ್ಲಿ ಎಳೆಯುತ್ತಿರುವಾಗಲೇ ನಾಲ್ಕು ಹಾಕಿಕೊಂಡು ತಯಾರಾಗಿರುತ್ತದೆ. ಒಂದು ಕ್ಲಚ್ ಬಿಡುತ್ತಿರುವಾಗಲೇ ಇನ್ನೊಂದು ಹಿಡಿಯುತ್ತದೆ, ರಿಲೇ ಓಟದಲ್ಲಿ ಕೋಲು ಕೈ ಬದಲಾದ ಹಾಗೆ. ಪವರ್ ನಿಲ್ಲುವುದೇ ಇಲ್ಲ. ಅಡಾಲ್ಫ್ ಕೆಗ್ರೆಸ್ ಅನ್ನುವ ಫ್ರೆಂಚ್ ಎಂಜಿನಿಯರ್ 1939ರಲ್ಲೇ ಈ ಯೋಚನೆ ಮುಂದಿಟ್ಟಿದ್ದರು. ಪೋರ್ಷೆ 1980ರ ದಶಕದಲ್ಲಿ ರೇಸ್ ಕಾರುಗಳಲ್ಲಿ ಓಡಿಸಿತು. ಜನ ಕೊಳ್ಳುವ ಕಾರಿಗೆ ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ. ಇದಕ್ಕೂ ಒಂದು ತೊಡಕಿದೆ. ಅದು ನಾಲ್ಕನ್ನು ತಯಾರು ಮಾಡಿಕೊಂಡಿರುವಾಗ ನೀವು ಎರಡು ಕೇಳಿದರೆ ಮೊದಲು ನಾಲ್ಕನ್ನು ಬಿಡಿಸಿ, ಎರಡನ್ನು ಹಾಕಬೇಕು. ಅಲ್ಲೊಂದು ಚೂರು ತಡವರಿಕೆ ಸಿಗುತ್ತದೆ. ಇನ್ನು ಇಂಚು ಇಂಚು ಸಾಗುವ ಟ್ರಾಫಿಕ್‌ನಲ್ಲಿ ಕ್ಲಚ್ ಅರ್ಧ ಹಿಡಿದು ಜಾರುತ್ತಲೇ ಇರುತ್ತದೆ, ಬಿಸಿಯಾಗುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ತಡೆದುಕೊಳ್ಳುತ್ತದೆ, ಒಣ ಕ್ಲಚ್ ಬೇಗ ಸೋಲುತ್ತದೆ.

ಈಗಿನ ಎಂ2, ಎಂ3, ಎಂ4ಗಳಲ್ಲಿ ಅದೂ ಇಲ್ಲ. ಇರುವುದು ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್, ಝಡ್‌ಎಫ್ ಕಂಪನಿಯ 8 ಗೇರಿನದು. ಆ ಕುಟುಂಬ ಶುರುವಾಗಿದ್ದು 2009ರಲ್ಲಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಎಣ್ಣೆಯ ಮೂಲಕ ಪವರ್ ದಾಟುತ್ತದೆ. ನಿಂತಲ್ಲಿಂದ ಹೊರಡುವಾಗ ಟಾರ್ಕನ್ನು ಹೆಚ್ಚಿಸಿಯೂ ಕೊಡುತ್ತದೆ, ಅದಕ್ಕೇ ಹೊರಡುವುದು ಅಷ್ಟು ನಯ. ಹಳೆಯ ಆಟೊಮ್ಯಾಟಿಕ್‌ಗಳಲ್ಲಿ ಆಕ್ಸಿಲರೇಟರ್ ಒತ್ತಿದರೆ ಮೊದಲು ಸದ್ದು ಬರುತ್ತಿತ್ತು, ಆಮೇಲೆ ಕಾರು ಓಡುತ್ತಿತ್ತು. ಈಗ ಕಾರು ಹೊರಟ ಸ್ವಲ್ಪ ಹೊತ್ತಿಗೇ ಒಳಗಿನ ಲಾಕ್‌ಅಪ್ ಕ್ಲಚ್ ಹಿಡಿದುಬಿಡುತ್ತದೆ, ಆ ಜಾರಾಟ ಇಲ್ಲ. ಎಂಟರಿಂದ ಸೀದಾ ಎರಡಕ್ಕೂ ಇಳಿಯಬಲ್ಲದು. ಡ್ಯುಯಲ್ ಕ್ಲಚ್‌ನಿಂದ ಇದಕ್ಕೆ ಬಂದಿದ್ದು ಹಿಂದೆ ಸರಿದ ಹಾಗೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ದಿನಬಳಕೆಯೂ ಆಗಬೇಕು, ಜಾಸ್ತಿ ಟಾರ್ಕನ್ನೂ ತಡೆಯಬೇಕು ಅಂದರೆ ಇದೇ ಗಟ್ಟಿ.

ಘಾಟಿಸವಾರ

ಮೇಸ್ತ್ರಿಗಳು ಆಟೊಮ್ಯಾಟಿಕ್ ಬಿಡಿಸಿ ಹೇಳಿದರು. ಮ್ಯಾನ್ಯುಯಲ್ ಕೂಡ ಎಲ್ಲ ಕಾರಿನಲ್ಲೂ ಒಂದೇ ಅಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಗೇರ್ ರೇಶಿಯೊ, ಅಂದರೆ ಒಂದೊಂದು ಗೇರು ಎಷ್ಟು ವೇಗದವರೆಗೆ ಎಳೆಯುತ್ತದೆ ಅನ್ನುವುದು.

ಪೋರ್ಷೆ 718 ಕೇಮನ್ ಜಿಟಿ4 ಎಷ್ಟು ಒಳ್ಳೆಯ ಕಾರು ಅಂತ ಹೇಳಬೇಕಿಲ್ಲ. ಲಿವರ್ ಹಾಕುವ ಅನುಭವವೂ ಬಲು ಚೆಂದ. ಆದರೆ ಅದರ ಎರಡನೇ ಗೇರು ಗಂಟೆಗೆ 130 ಕಿ.ಮೀ. ದಾಟುತ್ತದೆ. ಬೆಟ್ಟದ ರಸ್ತೆಯಲ್ಲಿ ಎರಡಕ್ಕೆ ಹಾಕಿ ಬಿಟ್ಟರೆ ಮುಗಿಯಿತು, ಮೂರಕ್ಕೆ ಹೋಗುವ ಹೊತ್ತಿಗೆ ಲೈಸೆನ್ಸಿಗೇ ಕುತ್ತು. ಅಷ್ಟು ಚೆಂದದ ಲಿವರ್ ಇದ್ದೂ ಮುಟ್ಟುವ ಸಂದರ್ಭವೇ ಕಡಿಮೆ. ಅದೇ ಮಜ್ದಾ ಎಂಎಕ್ಸ್-5 ಓಡಿಸಿ ನೋಡಿ. ಪವರ್ ಕಡಿಮೆ, ಗೇರುಗಳು ಹತ್ತಿರ ಹತ್ತಿರ, ಲಿವರ್ ಓಡಾಟ ಚಿಕ್ಕದು. ಸಾಮಾನ್ಯ ವೇಗದಲ್ಲೇ ಎರಡು, ಮೂರು, ನಾಲ್ಕು ಅಂತ ಕೈ ಆಡುತ್ತಲೇ ಇರುತ್ತದೆ.

ಹಾಗಾಗಿ ಪವರ್ ಜಾಸ್ತಿಯಾದಷ್ಟೂ ರಸ್ತೆಯಲ್ಲಿ ಮ್ಯಾನ್ಯುಯಲ್‌ಗೆ ಕೆಲಸ ಕಡಿಮೆಯಾಗುತ್ತದೆ. ಹೊಸಚಕ್ರ ಅವರು ಓಡಿಸಿ ನೋಡುವಾಗ ಪ್ರತಿ ಗೇರು ಎಷ್ಟು ವೇಗದವರೆಗೆ ಎಳೆಯುತ್ತದೆ ಅಂತ ಗಮನಿಸಿ. ನಿಮಗೆ ಇಷ್ಟವಾದ ರಸ್ತೆಯಲ್ಲಿ ನೀವು ನಿಜವಾಗಿ ಹೋಗುವ ವೇಗಕ್ಕೆ ಎಷ್ಟು ಗೇರು ಬಳಕೆಗೆ ಬರುತ್ತದೆ ಅಂತ ಲೆಕ್ಕ ಹಾಕಿ. ಎಂಟು ಗೇರಿನ ಆಟೊಮ್ಯಾಟಿಕ್‌ನಲ್ಲಿ ಗೇರುಗಳು ಹತ್ತಿರ ಇರುವುದರಿಂದ ಪ್ಯಾಡಲ್‌ಗೇ ಹೆಚ್ಚು ಕೆಲಸ ಸಿಕ್ಕರೂ ಸಿಗಬಹುದು.

ಮೂರುಪೆಡಲ್

ಘಾಟಿಸವಾರ ಅವರ ಮಾತು ಜಿಟಿ4 ಮಟ್ಟಿಗೆ ನಿಜ. ಆದರೂ ಒಂದು ಹೇಳಬೇಕು. ಮ್ಯಾನ್ಯುಯಲ್ ಕಲಿಸುವುದು ಕೈಚಳಕವನ್ನಷ್ಟೇ ಅಲ್ಲ, ಮುಂದೆ ನೋಡುವುದನ್ನು. ತಿರುವಿಗೆ ಮೊದಲೇ ಬ್ರೇಕ್ ಮುಗಿಸಬೇಕು, ಗೇರ್ ಇಳಿಸಿರಬೇಕು, ಕ್ಲಚ್ ಪೂರ್ತಿ ಬಿಟ್ಟಿರಬೇಕು. ಆಮೇಲೇ ಸ್ಟೀರಿಂಗ್ ತಿರುಗಿಸಬೇಕು. ತಡವಾದರೆ ಕಾರೇ ಹೇಳುತ್ತದೆ. ಹೀಗೆ ಓಡಿಸಿದವರಿಗೆ ಮುಂದಿನ ತಿರುವಿಗೆ ಯಾವ ಗೇರು ಬೇಕು ಅನ್ನುವುದು ರಸ್ತೆ ನೋಡುತ್ತಲೇ ಗೊತ್ತಾಗುತ್ತದೆ. ಪ್ಯಾಡಲ್‌ನಲ್ಲಿ ಆ ಶಿಸ್ತು ಬರಲೇಬೇಕು ಅಂತಿಲ್ಲ, ತಿರುವಿನ ಮಧ್ಯದಲ್ಲೂ ಎಳೆದುಬಿಡಬಹುದು.

ರೆಡ್‌ಲೈನ್‌ನಿಂದ ತಪ್ಪು ಗೇರಿಗೆ ಹೋಗುವ ಭಯವನ್ನು ಲ್ಯಾಪ್‌ಟೈಮ್ ಅವರು ಹೇಳಿದರು. ಭಯ ನಿಜವೇ. ಲಿವರನ್ನು ಮುಷ್ಟಿಯಲ್ಲಿ ಹಿಡಿದು ಎಳೆಯುವವರಿಗೆ ಅದು ಆಗುವುದು ಜಾಸ್ತಿ. ಮೂರರಿಂದ ನಾಲ್ಕಕ್ಕೆ ಬರುವಾಗ ಅಂಗೈ ತೆರೆದಿಟ್ಟು ನೇರ ಹಿಂದಕ್ಕೆ ಎಳೆದರೆ ಲಿವರ್ ತಾನೇ ನಡುವಿನ ಸಾಲಿನಲ್ಲಿ ಉಳಿಯುತ್ತದೆ, ಸ್ಪ್ರಿಂಗ್ ಇರುವುದೇ ಅದಕ್ಕೆ.

ಲ್ಯಾಪ್‌ಟೈಮ್

ಇಲ್ಲಿ ನನಗೆ ಪೂರ್ತಿ ಭಿನ್ನಾಭಿಪ್ರಾಯವಿದೆ. ಟ್ರ್ಯಾಕ್‌ಗೆ ಹೊಸಬರು ಬಂದಾಗ ಅವರ ಗಮನ ಎಷ್ಟಿರುತ್ತದೋ ಅಷ್ಟೇ ಇರುತ್ತದೆ. ಬ್ರೇಕ್ ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ಹೇಗೆ ಬಿಡುತ್ತಾ ತಿರುಗಿಸಬೇಕು, ಕಣ್ಣು ಎಲ್ಲಿರಬೇಕು, ಇದೇ ದೊಡ್ಡ ಪಾಠ. ಅದರ ನಡುವೆ ಕಾಲಿಗೆ ಮೂರು ಪೆಡಲ್ ಕೊಟ್ಟರೆ ಬ್ರೇಕ್ ಮೇಲಿನ ಒತ್ತಡವೇ ಏರುಪೇರಾಗುತ್ತದೆ. ಆಕ್ಸಿಲರೇಟರ್ ತಟ್ಟುವಾಗ ಬಲಗಾಲು ಬ್ರೇಕನ್ನೂ ಒಂದಿಷ್ಟು ಸಡಿಲಿಸುತ್ತದೆ ಅಥವಾ ಜಾಸ್ತಿ ಒತ್ತುತ್ತದೆ. ಮೊದಲು ಎರಡು ಪೆಡಲ್‌ನಲ್ಲಿ ತಿರುವುಗಳಲ್ಲಿ ಹಿಡಿಯಬೇಕಾದ ಗೆರೆ ಕಲಿಯಲಿ, ಆಮೇಲೆ ಬೇಕಾದರೆ ಮ್ಯಾನ್ಯುಯಲ್‌ಗೆ ಬರಲಿ.

ಮುಂದೆ ನೋಡುವ ಶಿಸ್ತು ಗೇರ್‌ಬಾಕ್ಸ್‌ನಿಂದ ಬರುವುದಿಲ್ಲ, ಒಳ್ಳೆಯ ಇನ್‌ಸ್ಟ್ರಕ್ಟರ್‌ನಿಂದ ಬರುತ್ತದೆ.

ಎಡಗಾಲು

ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುವುದು ಕಡಿಮೆ. ಇವತ್ತು ಬರೆಯಬೇಕು ಅನ್ನಿಸಿತು.

ನನ್ನ ಎಡ ಮೊಣಕಾಲಿಗೆ ಆಪರೇಷನ್ ಆಗಿದೆ. ಗಟ್ಟಿ ಕ್ಲಚ್ ಇರುವ ಕಾರಿನಲ್ಲಿ ಟ್ರಾಫಿಕ್‌ನಲ್ಲಿ ಕೂತರೆ ಸಂಜೆ ಮೆಟ್ಟಿಲು ಹತ್ತುವುದು ಕಷ್ಟ. ಈಗ ನನ್ನ ಹತ್ತಿರ ಇರುವುದು ಡ್ಯುಯಲ್ ಕ್ಲಚ್‌ನ ಹ್ಯುಂಡೈ ಐ30 ಎನ್. "ಮ್ಯಾನ್ಯುಯಲ್ ಓಡಿಸದವನು ಡ್ರೈವರೇ ಅಲ್ಲ" ಅಂತ ಜನ ಹೇಳುವುದನ್ನು ತುಂಬಾ ಸಲ ಕೇಳಿದ್ದೇನೆ. ನೋವಾಗುತ್ತದೆ.

ಫಾರ್ಮುಲಾ ಒನ್‌ನಲ್ಲಿ ಸ್ಟೀರಿಂಗ್ ಹಿಂದಿನ ಪ್ಯಾಡಲ್ ಬಂದದ್ದು 1989ರಲ್ಲಿ, ಫೆರಾರಿ 640 ಕಾರಿನಲ್ಲಿ. ಮೊದಲ ರೇಸಿನಲ್ಲೇ, ಬ್ರೆಜಿಲ್‌ನಲ್ಲಿ, ನೈಜೆಲ್ ಮ್ಯಾನ್ಸೆಲ್ ಅದರಲ್ಲಿ ಗೆದ್ದರು. ಅವರ ನಂತರ ಬಂದ ಚಾಂಪಿಯನ್ನರನ್ನು ಯಾರೂ ಡ್ರೈವರ್ ಅಲ್ಲ ಅನ್ನುವುದಿಲ್ಲ. ಪೂರ್ತಿ ಮ್ಯಾನ್ಯುಯಲ್ ಮೋಡ್‌ನಲ್ಲಿ ಓಡಿಸಿದರೆ ಯಾವ ಗೇರು, ಯಾವಾಗ ಅನ್ನುವ ತೀರ್ಮಾನ ನನ್ನದೇ. ಬಲಗಾಲಿಗೆ ಆಕ್ಸಿಲರೇಟರ್, ಎಡಗಾಲಿಗೆ ಬ್ರೇಕ್ ಅಂತ ಅಭ್ಯಾಸ ಮಾಡಿಕೊಂಡಿದ್ದೇನೆ, ಟ್ರ್ಯಾಕ್‌ನಲ್ಲಿ ಮಾತ್ರ. ಅದಕ್ಕೂ ಕಲಿಕೆ ಬೇಕು. ಕ್ಲಚ್ ಒತ್ತಿ ಅಭ್ಯಾಸವಾದ ಕಾಲಿಗೆ ಬ್ರೇಕನ್ನು ನಾಜೂಕಾಗಿ ಒತ್ತುವುದು ಸುಲಭವಾಗಿ ಬರುವುದಿಲ್ಲ.

ಹೊಸಚಕ್ರ ಅವರೇ, ಈ ಕಾರನ್ನು ನೀವು ಬಹಳ ವರ್ಷ ಇಟ್ಟುಕೊಳ್ಳುವುದಾದರೆ ನಿಮ್ಮ ಕಾಲು, ಸೊಂಟ ಮುಂದೆ ಹೇಗಿರಬಹುದು ಅಂತಲೂ ಯೋಚಿಸಿ. ಮನೆಯಲ್ಲಿ ಬೇರೆ ಯಾರು ಓಡಿಸುತ್ತಾರೆ ಅನ್ನುವುದನ್ನೂ ನೋಡಿ.

ಮೂರುಪೆಡಲ್

ಎಡಗಾಲು ಅವರೇ, ನಿಮ್ಮ ಮಾತು ಸರಿ. ಯಾರನ್ನೂ ಹಾಗೆ ಅಳೆಯಬಾರದು. ಎಡಗಾಲಿನ ಬ್ರೇಕ್ ಬಗ್ಗೆ ಬಿಡುವಾದಾಗ ಇನ್ನಷ್ಟು ಬರೆಯಿರಿ, ನನಗೆ ಅದು ಗೊತ್ತಿಲ್ಲದ ವಿದ್ಯೆ.

ಹೊಸಚಕ್ರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಇಬ್ಬರೂ ಓಡಿಸುತ್ತೇವೆ, ಇಬ್ಬರಿಗೂ ಮ್ಯಾನ್ಯುಯಲ್ ಬರುತ್ತದೆ, ಕಾಲು ಸದ್ಯಕ್ಕೆ ಗಟ್ಟಿ ಇದೆ.

ಮೇಸ್ತ್ರಿಗಳಿಗೆ ಎರಡು ಪ್ರಶ್ನೆ. ಬಹಳ ವರ್ಷ ಇಟ್ಟುಕೊಂಡರೆ ಯಾವುದರ ಖರ್ಚು ಜಾಸ್ತಿ? ಹೊಸದು ಸಿಗದೆ ಸೆಕೆಂಡ್ ಹ್ಯಾಂಡ್ ನೋಡಬೇಕಾಗಿ ಬಂದರೆ ಗೇರ್‌ಬಾಕ್ಸ್‌ನಲ್ಲಿ ಏನು ನೋಡಬೇಕು?

ಗೇರ್‌ಮೇಸ್ತ್ರಿ

ಖರ್ಚು ಗೇರ್‌ಬಾಕ್ಸ್‌ಗಿಂತ ಓಡಿಸುವವರ ಮೇಲೆ ನಿಂತಿದೆ. ಮ್ಯಾನ್ಯುಯಲ್‌ನಲ್ಲಿ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಸವೆಯುತ್ತವೆ. ಅದರ ಜೊತೆ ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ ನಡುಕ ಹೀರುವ ಚಕ್ರ) ಕೂಡ ಹೋಗಿದ್ದರೆ ಬಿಲ್ಲು ದೊಡ್ಡದು. ಗೇರ್‌ಬಾಕ್ಸ್ ಇಳಿಸಿದಾಗಲೇ ಮೂರನ್ನೂ ನೋಡಿಬಿಡಬೇಕು, ಮತ್ತೆ ಇಳಿಸುವ ಕೂಲಿ ಉಳಿಯುತ್ತದೆ.

ಆಟೊಮ್ಯಾಟಿಕ್‌ನಲ್ಲಿ ಎಣ್ಣೆಯೇ ಆಯಸ್ಸು. "ಜೀವನಪೂರ್ತಿ ಬದಲಿಸಬೇಕಿಲ್ಲ" ಅಂತ ಕಾರು ಕಂಪನಿ ಹೇಳಿದರೂ ನಂಬಬೇಡಿ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ತಾನೇ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ 8 ವರ್ಷಕ್ಕೆ ಬದಲಿಸಿ ಅನ್ನುತ್ತದೆ. ಟ್ರ್ಯಾಕ್‌ಗೆ ಹೋಗುವ ಕಾರಿಗೆ ನಾನು ಅದಕ್ಕಿಂತ ಬೇಗ ಬದಲಿಸುತ್ತೇನೆ. ಫೋಕ್ಸ್‌ವ್ಯಾಗನ್‌ನ 6 ಗೇರಿನ ಎಣ್ಣೆ ಕ್ಲಚ್ ಇರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಡಿಎಸ್‌ಜಿಗೆ 60,000 ಕಿ.ಮೀ. ಅಂತ ಕಂಪನಿಯೇ ಹೇಳಿದೆ, ಅದನ್ನು ತಪ್ಪಿಸಿದ ಡಬ್ಬಿಗಳು ನಮ್ಮ ಬೆಂಚಿಗೆ ಬರುತ್ತವೆ.

ಸೆಕೆಂಡ್ ಹ್ಯಾಂಡ್ ಮ್ಯಾನ್ಯುಯಲ್ ನೋಡುವಾಗ ಮೇಲಿನ ಗೇರಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಹೋಗುತ್ತಾ ಪೂರ್ತಿ ಆಕ್ಸಿಲರೇಟರ್ ಕೊಡಿ. ಆರ್‌ಪಿಎಂ ಮುಳ್ಳು ಮೇಲೆ ಹೋಗಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಂಜಿನ್ ಬಿಸಿಯಾಗುವ ಮೊದಲು ಎರಡಕ್ಕೂ ಮೂರಕ್ಕೂ ಸ್ವಲ್ಪ ಚುರುಕಾಗಿ ಹಾಕಿ, ಕರಕರ ಅಂದರೆ ಸಿಂಕ್ರೊ (ಗೇರುಗಳ ವೇಗ ಹೊಂದಿಸುವ ಉಂಗುರ) ಸವೆದಿದೆ. ಎಂಜಿನ್ ಕಂಪ್ಯೂಟರ್‌ನಲ್ಲಿ ಓವರ್ ರೆವ್ (ಎಂಜಿನ್ ಮಿತಿ ಮೀರಿ ತಿರುಗಿದ) ದಾಖಲೆ ಇಡುವ ಕಾರುಗಳಿವೆ, ಪೋರ್ಷೆಗಳಲ್ಲಿ ಅದನ್ನು ತೆಗೆಸಿ ಓದಿಸದೆ ಹಣ ಕೊಡಬೇಡಿ. ಲ್ಯಾಪ್‌ಟೈಮ್ ಅವರು ಹೇಳಿದ ತಪ್ಪು ಗೇರಿನ ಗುರುತು ಸಿಗುವುದು ಅಲ್ಲೇ. ಟಾರ್ಕ್ ಕನ್ವರ್ಟರ್ ಆದರೆ ಒಂದೇ ವೇಗದಲ್ಲಿ, ಆಕ್ಸಿಲರೇಟರ್ ಮೆಲ್ಲಗೆ ಮುಟ್ಟಿಕೊಂಡು ಹೋಗುವಾಗ ಕಾರು ಸಣ್ಣಗೆ ನಡುಗುತ್ತದೆಯೇ ನೋಡಿ. ಅದು ಲಾಕ್‌ಅಪ್ ಕ್ಲಚ್ಚಿನ ದೂರು. ಡ್ಯುಯಲ್ ಕ್ಲಚ್ ಆದರೆ ನಡಿಗೆಯ ವೇಗದಲ್ಲಿ ತೆವಳಿಸಿ ನೋಡಿ, ನಡುಕ ಅಲ್ಲೇ ಗೊತ್ತಾಗುತ್ತದೆ.

ಮುಂದೆ ಮಾರುವಾಗ ಮ್ಯಾನ್ಯುಯಲ್‌ಗೆ ಬೆಲೆ ಬರುತ್ತದೆ ಅಂತ ಕೊಳ್ಳಬೇಡಿ. ಫೆರಾರಿ 599ರ ಮ್ಯಾನ್ಯುಯಲ್ ಬೆರಳೆಣಿಕೆಯಷ್ಟು ಬಂದವು, ಅದಕ್ಕೆ ಆ ಬೆಲೆ. ಎಲ್ಲ ಕಾರಿಗೂ ಆ ಲೆಕ್ಕ ನಡೆಯುವುದಿಲ್ಲ.

ಘಾಟಿಸವಾರ

ಟೆಸ್ಟ್ ಡ್ರೈವ್‌ಗೆ ಹೋಗುವ ಮೊದಲು ಇನ್ನಷ್ಟು.

ಎರಡನ್ನೂ ಒಂದೇ ರಸ್ತೆಯಲ್ಲಿ ಓಡಿಸಿ, ಒಂದೇ ದಿನ. ಆಟೊಮ್ಯಾಟಿಕ್‌ನಲ್ಲಿ ಮೊದಲು ಸುಮ್ನೆ ಡಿಯಲ್ಲಿ ಬಿಟ್ಟು ಟ್ರಾಫಿಕ್ ನೋಡಿ, ಆಮೇಲೆ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ. ರೆಡ್‌ಲೈನ್ ಮುಟ್ಟಿದಾಗ ತಾನಾಗಿ ಗೇರ್ ಏರಿಸುತ್ತದೆಯೇ, ಇಲ್ಲ ನಿಮ್ಮ ಪ್ಯಾಡಲ್‌ಗೆ ಕಾಯುತ್ತದೆಯೇ? ಜೋರಾಗಿ ಬ್ರೇಕ್ ಒತ್ತುತ್ತಾ ಗೇರ್ ಇಳಿಸಲು ಕೇಳಿದಾಗ ಕೂಡಲೇ ಕೊಡುತ್ತದೆಯೇ? ತಾನೇ ಏರಿಸುವ ಗೇರ್‌ಬಾಕ್ಸ್ ಆದರೆ ನನಗೆ ಅದು ಮ್ಯಾನ್ಯುಯಲ್ ಮೋಡ್ ಅಲ್ಲ.

ಮ್ಯಾನ್ಯುಯಲ್‌ನಲ್ಲಿ ಪೆಡಲ್ ಜಾಗ ನೋಡಿ. ನಿಂತಲ್ಲಿ ನೋಡಿದರೆ ಸಾಲದು, ಬ್ರೇಕ್ ಗಟ್ಟಿಯಾಗಿ ಒತ್ತಿದಾಗ ಅದು ಆಕ್ಸಿಲರೇಟರ್ ಮಟ್ಟಕ್ಕೆ ಬರಬೇಕು, ಆಗಲೇ ಬಲಗಾಲು ಎರಡನ್ನೂ ಮುಟ್ಟಲು ಸಾಧ್ಯ. ಎಂ2ನಲ್ಲಿ ಗೇರ್ ಇಳಿಸುವಾಗ ಕಾರೇ ಎಂಜಿನ್ ವೇಗ ಹೊಂದಿಸುವ ಸೌಲಭ್ಯ ಇದೆ, ಬೇಡ ಅಂದರೆ ಆಫ್ ಮಾಡಬಹುದು. ಮ್ಯಾನ್ಯುಯಲ್‌ಗೆ ಇದನ್ನು ಮೊದಲು ತಂದದ್ದು ನಿಸಾನ್ 370ಝಡ್. ಎರಡೂ ರೀತಿಯಲ್ಲಿ ಓಡಿಸಿ ನೋಡಿ. ಬಿಎಂಡಬ್ಲ್ಯು ಲಿವರ್ ಹೋಂಡಾ ಸಿವಿಕ್ ಟೈಪ್ ಆರ್‌ನಷ್ಟು ಖಡಕ್ ಅಲ್ಲ, ಸ್ವಲ್ಪ ರಬ್ಬರ್ ಹಾಗೆ ಅನ್ನಿಸುತ್ತದೆ. ಅದು ನಿಮಗೆ ಕಿರಿಕಿರಿಯಾಗುತ್ತದೆಯೇ ಅನ್ನುವುದನ್ನು ನಿಮ್ಮ ಕೈಯೇ ಹೇಳಬೇಕು.

ಇನ್ನೊಂದು. ಎಂ2ನಲ್ಲಿ ಎರಡಕ್ಕೂ ಒಂದೇ ಪವರ್ ಇರುವುದು ನಿಮ್ಮ ಅದೃಷ್ಟ. ಜಿ80 ಎಂ3 ಬಂದಾಗ ಮ್ಯಾನ್ಯುಯಲ್ ಬೇಕಿದ್ದರೆ 480 ಕುದುರೆ, 550 ನ್ಯೂಟನ್ ಮೀಟರ್, ಹಿಂದಿನ ಚಕ್ರ ಮಾತ್ರ. ಆಟೊಮ್ಯಾಟಿಕ್ ಇರುವ ಕಾಂಪಿಟಿಷನ್ ಮಾದರಿ ಆದರೆ 510 ಕುದುರೆ, 650 ನ್ಯೂಟನ್ ಮೀಟರ್, ಬೇಕಿದ್ದರೆ ನಾಲ್ಕೂ ಚಕ್ರಕ್ಕೆ ಪವರ್. ಅಲ್ಲಿ ಗೇರ್‌ಬಾಕ್ಸ್ ಆರಿಸಿದರೆ ಇಡೀ ಕಾರೇ ಬೇರೆಯಾಗುತ್ತಿತ್ತು. 2020ರ ಕಾರ್ವೆಟ್ ಸಿ8 ಕೊಳ್ಳುವವರಿಗಂತೂ ಆಯ್ಕೆಯೇ ಇಲ್ಲ, 8 ಗೇರಿನ ಡ್ಯುಯಲ್ ಕ್ಲಚ್ ಒಂದೇ.

ಹೊಸಚಕ್ರ

ಎರಡನ್ನೂ ಓಡಿಸಿ ಬಂದೆ. ಘಾಟಿಸವಾರ ಅವರು ಹೇಳಿದಂತೆ ಒಂದೇ ರಸ್ತೆ, ಒಂದೇ ಬೆಳಿಗ್ಗೆ. ಹೆಂಡತಿಯೂ ಜೊತೆಗಿದ್ದಳು, ಅವಳೂ ಎರಡನ್ನೂ ಓಡಿಸಿದಳು.

ಆಟೊಮ್ಯಾಟಿಕ್ ಬಗ್ಗೆ ದೂರಲು ಏನೂ ಸಿಗಲಿಲ್ಲ. ಟ್ರಾಫಿಕ್‌ನಲ್ಲಿ ಇದು 480 ಕುದುರೆಯ ಕಾರು ಅಂತ ಅನ್ನಿಸಲೇ ಇಲ್ಲ, ಅಷ್ಟು ಸೌಮ್ಯ. ಪ್ಯಾಡಲ್ ಎಳೆದರೆ ಕೇಳಿದ ಗೇರು ತಕ್ಷಣ. ಖಾಲಿ ರಸ್ತೆಯಲ್ಲಿ ಎರಡು, ಮೂರು, ನಾಲ್ಕು ಅಂತ ಎಳೆದಾಗ ಉಸಿರು ಹಿಡಿದ ಹಾಗಾಯಿತು. ಆದರೆ ತೊಂದರೆ ಅಲ್ಲೇ. ಅದು ಚೆನ್ನಾಗಿ ಅನ್ನಿಸುವುದಕ್ಕೆ ನಾನು ರಸ್ತೆಯಲ್ಲಿ ಹೋಗಬಾರದಷ್ಟು ವೇಗಕ್ಕೆ ಹೋಗಬೇಕು. ಸಾಮಾನ್ಯ ವೇಗದಲ್ಲಿ ನನಗೆ ಕೆಲಸವೇ ಇರಲಿಲ್ಲ.

ಮ್ಯಾನ್ಯುಯಲ್‌ನಲ್ಲಿ ಗಂಟೆಗೆ 50, 60ರಲ್ಲಿ ಹೋಗುವಾಗಲೂ ಕೈಕಾಲಿಗೆ ಕೆಲಸ ಇತ್ತು. ಮೂರರಿಂದ ಎರಡಕ್ಕೆ ನಯವಾಗಿ ಇಳಿಸಬೇಕು, ಕ್ಲಚ್ ಹಿಡಿಯುವ ಜಾಗ ಗಮನಿಸಬೇಕು. ಕಾರೇ ರೆವ್ ಹೊಂದಿಸುವುದನ್ನು ಆಫ್ ಮಾಡಿ ನಾನೇ ಮಾಡಿದೆ. ಪೆಡಲ್ ಜಾಗ ನನ್ನ ಕಾಲಿಗೆ ಸರಿಹೋಯಿತು. ಎರಡನೇ ಗೇರು ಉದ್ದವೇ, ಆದರೂ ಬೆಟ್ಟದ ರಸ್ತೆಯಲ್ಲಿ ಎರಡು, ಮೂರರ ನಡುವೆ ಓಡಾಡಿದೆ. ಲಿವರ್ ಸ್ವಲ್ಪ ರಬ್ಬರ್ ಅನ್ನುವುದು ನಿಜ, ನನಗೆ ಅಡ್ಡಿ ಅನ್ನಿಸಲಿಲ್ಲ. ಹೆಂಡತಿಗೆ ಕ್ಲಚ್ ಅಂದುಕೊಂಡಷ್ಟು ಭಾರ ಅನ್ನಿಸಲಿಲ್ಲ, ಅವಳ ಓಟು ಮ್ಯಾನ್ಯುಯಲ್‌ಗೇ.

ಟ್ರ್ಯಾಕ್‌ಗೆ ನಾನು ಹೋಗುವುದು ಅಪರೂಪ. ಅದಕ್ಕೋಸ್ಕರ ಉಳಿದ ದಿನಗಳ ಖುಷಿ ಬಿಡಲು ಮನಸ್ಸಾಗಲಿಲ್ಲ. ಮ್ಯಾನ್ಯುಯಲ್ ಬುಕ್ ಮಾಡಿದ್ದೇವೆ.

ಲ್ಯಾಪ್‌ಟೈಮ್

ಅಭಿನಂದನೆಗಳು. ಓಡಿಸಿ ನೋಡಿ ತೀರ್ಮಾನ ಮಾಡಿದ್ದೀರಿ, ಕಾರಣವೂ ಸರಿಯಾಗಿದೆ. ರಸ್ತೆಯೇ ಜಾಸ್ತಿ ಅಂದರೆ ನಾನೂ ಇದನ್ನೇ ಹೇಳುತ್ತಿದ್ದೆ. ತಿಂಗಳಿಗೆ ಒಂದೆರಡು ಸಲ ಟ್ರ್ಯಾಕ್ ಅಂದಿದ್ದರೆ ಮಾತ್ರ ಬುಕಿಂಗ್ ಬದಲಿಸಿ ಅಂತ ಜಗಳಕ್ಕೆ ಬರುತ್ತಿದ್ದೆ. ಟ್ರ್ಯಾಕ್‌ಗೆ ಬಂದಾಗ ಮೊದಲ ಸುತ್ತುಗಳಲ್ಲಿ ರೆವ್ ಹೊಂದಿಸುವುದನ್ನು ಕಾರಿಗೇ ಬಿಡಿ. ಬ್ರೇಕ್ ಮೇಲೆ ಮಾತ್ರ ಗಮನ ಇಡಿ. ಬ್ರೇಕ್ ಒತ್ತಡ ಕಾಲಿಗೆ ಕೂತ ಮೇಲೆ ಅದನ್ನು ಆಫ್ ಮಾಡಿಕೊಳ್ಳಿ.

ಗೇರ್‌ಮೇಸ್ತ್ರಿ

ಒಳ್ಳೆಯದಾಯಿತು. ಕಾರು ಕೈಗೆ ಬಂದ ಮೇಲೆ ರನ್ನಿಂಗ್ ಇನ್ (ಹೊಸ ಎಂಜಿನ್ ಪಳಗಿಸುವುದು) ತಪ್ಪಿಸಬೇಡಿ. ಎಂ ಕಾರುಗಳಿಗೆ ಮೊದಲ 2,000 ಕಿ.ಮೀ. ತನಕ 5,500 ಆರ್‌ಪಿಎಂ ದಾಟಬಾರದು, ವೇಗ 170ರ ಒಳಗೆ. ಒಂದೇ ಆರ್‌ಪಿಎಂನಲ್ಲಿ ಹೈವೇ ಓಡಿಸುತ್ತಾ ಕೂರಬೇಡಿ, ಏರಿಳಿತ ಇರಲಿ. 2,000ಕ್ಕೆ ಒಂದು ಸರ್ವಿಸ್ ಇದೆ, ಅದನ್ನು ಮುಂದೂಡಬೇಡಿ. ಹೊಸ ಕ್ಲಚ್ ಸರಿಯಾಗಿ ಕೂರಲು ಸುಮಾರು 500 ಕಿ.ಮೀ. ಬೇಕು, ಅಲ್ಲಿಯವರೆಗೆ ಮೆಲ್ಲಗೆ ಬಿಡಿ.

ಟ್ರಾಫಿಕ್‌ನಲ್ಲಿ ಎಡಗಾಲನ್ನು ಕ್ಲಚ್ ಮೇಲೆ ಇಟ್ಟುಕೊಂಡು ಕೂರಬೇಡಿ, ರಿಲೀಸ್ ಬೇರಿಂಗ್ ಸವೆಯುವುದು ಹಾಗೆಯೇ. ಏರಿನಲ್ಲಿ ಅರ್ಧ ಕ್ಲಚ್‌ನಲ್ಲಿ ಕಾರು ನಿಲ್ಲಿಸಬೇಡಿ, ಬ್ರೇಕ್ ಇರುವುದೇ ಅದಕ್ಕೆ. ಗೇರ್ ಹಾಕಿದ ಮೇಲೆ ಕೈಯನ್ನು ಲಿವರ್ ಮೇಲೆ ಬಿಡದೆ ಸ್ಟೀರಿಂಗ್‌ಗೆ ತನ್ನಿ, ಕೈ ಭಾರಕ್ಕೆ ಒಳಗಿನ, ಗೇರ್ ಸರಿಸುವ ಸೆಲೆಕ್ಟರ್ ಫೋರ್ಕ್ ಉಜ್ಜುತ್ತಲೇ ಇರುತ್ತದೆ. ಇಷ್ಟು ಪಾಲಿಸಿದರೆ ಈ ಕಾರು ಬಹಳ ಕಾಲ ನಮ್ಮ ಬೆಂಚಿಗೆ ಬರುವುದಿಲ್ಲ.